ನೀರು ತುಂಬುವ ಹಬ್ಬ, ನೀರು ಖಾಲಿ ಮಾಡುವ ದಿನ

ನೆಲ ಕೆಮ್ಮಿತು. ಒಂದೇ ಕಡೆಯಲ್ಲ, ಐದು ಕಡೆ, ಒಟ್ಟಿಗೆ. ಹುಲ್ಲಿನೊಳಗಿಂದ ಐದು ಕರಿ ಕುತ್ತಿಗೆಗಳು ಎದ್ದು ನೀರು ಉಗುಳಿದವು; ಆಮೇಲೆ ಮಂಜು, ಆಮೇಲೆ ಬರೀ ಉಸಿರು.

ಇದನ್ನು ಯಾರಿಗಾದರೂ ಹೇಳುವಾಗಲೆಲ್ಲ ನಾನು ಮಾತಿನಲ್ಲೇ ಸುತ್ತಲೂ ಹಿಮ ಸುರಿಸುತ್ತೇನೆ. ಮಗಳು ಅನ್ವಿ ತೆಗೆದ ಫೋಟೊದಲ್ಲಿ ಹಿಮವಿಲ್ಲ. ಒಣಗಿದ ಎಲೆ, ನನ್ನ ಹಳೆಯ ಸ್ವೆಟರು, ಅಷ್ಟೆ. ಆದ್ದರಿಂದ ಫೋಟೊ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಲಾಕ್‌ಡೌನ್ ಮುಗಿದ ಮೇಲೆ ವರ್ಜೀನಿಯಾದ ಸ್ಟರ್ಲಿಂಗಿನಲ್ಲಿ ಕೊಂಡ ಮನೆ ಇದು, ನಮ್ಮ ಮೊದಲನೆಯದು. ಹುಲ್ಲಿನಡಿ ಕೊಳವೆಗಳ ಜಾಲವಿದೆ; ಬೇಸಿಗೆಯಿಡೀ ಬೆಳಗಿನ ಜಾವ ಅದರ ಕರಿ ಕುತ್ತಿಗೆಗಳು ತಾವಾಗಿ ಎದ್ದು ನೀರು ಚಿಮ್ಮಿಸುತ್ತಿದ್ದವು. ಮೈಸೂರಿನಲ್ಲಿ ನಾನು ಬೆಳೆದ ಮನೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ಕೊಡ, ಬಕೆಟ್, ಕೊನೆಗೆ ಪಾಯಸದ ಪಾತ್ರೆಯೂ ತುಂಬಿರಬೇಕು. ಈಗಲೂ ಖಾಲಿ ಪಾತ್ರೆ ಕಂಡರೆ ಕೈ ನಲ್ಲಿಯ ಕಡೆಗೆ ಹೋಗುತ್ತದೆ. ಇಲ್ಲಿ ಚಳಿಗಾಲಕ್ಕೆ ಮುಂಚೆ ಕೊಳವೆಯ ನೀರನ್ನು ಹೊರದೂಡಬೇಕು. ಉಳಿದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಹಿತ್ತಾಳೆಯನ್ನೂ ಸೀಳುತ್ತದಂತೆ. ಕಂಪ್ರೆಸರಿನಿಂದ ಗಾಳಿ ಊದಿ ಕೊಳವೆ ಬರಿದು ಮಾಡುವುದಕ್ಕೆ 'ಬ್ಲೋಔಟ್' ಎನ್ನುತ್ತಾರೆ.

ಪಕ್ಕದ ಬೀದಿಯ ರಹಮತ್ ಅಂಕಲ್ ಮೈಸೂರಿನ ಮಂಡಿ ಮೊಹಲ್ಲಾದವರು. ನವೆಂಬರಿನ ಒಂದು ಶನಿವಾರ ತಮ್ಮ ಕಂಪ್ರೆಸರನ್ನು ಕಾರಿನಲ್ಲಿ ಹೇರಿಕೊಂಡು ಬಂದರು. ನಾನು ಬಾಗಿಲಲ್ಲೇ ತಡೆದೆ.

"ಇವತ್ತು ಬೇಡ ಅಂಕಲ್. ನೀರು ತುಂಬೋ ಹಬ್ಬ. ಇವತ್ತೇ ಖಾಲಿ ಮಾಡೋದಾ?"

ಮಾರನೆಯ ಬೆಳಗಿನ ಎಣ್ಣೆಸ್ನಾನಕ್ಕೆಂದು, ಹಂಡೆಯಿಲ್ಲದ ಮನೆಯಲ್ಲಿ ಇಡ್ಲಿ ಪಾತ್ರೆಗೆ ಅಕ್ಕಿಹಿಟ್ಟಿನ ಗೆರೆ ಎಳೆದು, ಹೂವಿಟ್ಟು, ನೀರು ತುಂಬಿಸಿದ್ದೆ.

"ಸರಿ ಕಣಮ್ಮಾ. ಆದ್ರೆ ಚಳಿ ನಿನ್ ಪಂಚಾಂಗ ನೋಡ್ಕೊಂಡ್ ಬರಲ್ಲ. ನಾಳೆ ನಾನು ಅಲ್ಫರೆಟಾಗೆ ಹೋಗ್ತಿದೀನಿ, ಮಗಳ ಮನೆಗೆ. ಹತ್ತು ದಿನ."

"ಹತ್ತೇ ದಿನ ತಾನೆ?"

"ಪೈಪಿಗೂ ಎಣ್ಣೆ ಹಚ್ಚಿಬಿಡು," ಎಂದ ಗಂಡ ಗಿರೀಶ.

ಬುಧವಾರ ಫೋನು ಕಿರುಚಿತು: ಹವಾಮಾನದ ಎಚ್ಚರಿಕೆ, ಇಂದು ರಾತ್ರಿ ನೀರು ಹೆಪ್ಪುಗಟ್ಟುವ ಕಡು ಚಳಿ. ಕೊಳವೆಗಳಿಗೆ ನೀರು ಹೋಗುವ ಹಿತ್ತಾಳೆಯ ವಾಲ್ವ್ ಮನೆಯ ಹೊರಗೋಡೆಯಲ್ಲಿದೆ; ಅದು ಒಡೆದರೆ ನೀರು ಒಳಗೆ ನುಗ್ಗುತ್ತದೆ. ಅದರ ಹಿಂದೆಯೇ, ಬೇಸ್‌ಮೆಂಟಿನಲ್ಲಿ, ದಸರಾ ಮುಗಿದ ಮೇಲೆ ನಾನು ಕಟ್ಟಿಟ್ಟ ಬೊಂಬೆಗಳ ಪೆಟ್ಟಿಗೆ; ಅದರೊಳಗೆ ಅಮ್ಮ ಕೊಟ್ಟ ಪಟ್ಟದ ರಾಜ ರಾಣಿ. ಬ್ಲೋಔಟ್ ಮಾಡುವ ಎರಡು ಕಂಪನಿಗಳಿಗೆ ಫೋನ್ ಮಾಡಿದೆ. ಇನ್ನೆರಡು ವಾರ ಯಾರೂ ಬರುವಂತಿಲ್ಲ. ಗಿರೀಶ ರೆಸ್ಟನ್ನಿನ ಆಫೀಸಿನಲ್ಲಿ. ಅಂಕಲ್‌ಗೆ ಫೋನ್ ಮಾಡಿದೆ.

"ನಮ್ಮನೆ ಗರಾಜ್ ಬಾಗ್ಲಿನ ಕೋಡ್ ಹೇಳ್ತೀನಿ, ಮೆಷೀನ್ ತಗೊಂಡ್ ಬಾ. ವಿಡಿಯೋದಲ್ಲಿ ಹೇಳ್ಕೊಡ್ತೀನಿ."

"ನಂಗೆ ಸೈಕಲ್‌ಗೆ ಗಾಳಿ ಹೊಡೆಯೋಕೂ ಬರಲ್ಲ ಅಂಕಲ್!"

"ನಂಗ್ ಬರ್ತಿತ್ತಾ? ಮೊದಲ್ನೇ ವರ್ಷ ನಮ್ದೂ ಒಡೀತು. ಆಮೇಲೇ ಮೆಷೀನ್ ತಗೊಂಡಿದ್ದು."

ಬೇಸ್‌ಮೆಂಟಿನಲ್ಲಿ ನೀರಿನ ತಿರುಪು ಮುಚ್ಚಿದೆ. ಅದೊಂದು ಕೆಲಸಕ್ಕೆ ಕೈ ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಬಂದು ವಾಲ್ವಿಗೆ ಗಾಳಿಯ ಪೈಪು ಸಿಕ್ಕಿಸಿದೆ. ಶಾಲೆಯಿಂದ ಬಂದ ಅನ್ವಿ ಫೋನು ಹಿಡಿದು ನಿಂತಳು.

"ಮೀಟರ್ ಮುಳ್ಳು ಐವತ್ತು ದಾಟ್ಬಾರ್ದು. ದಾಟಿದ್ರೆ ಪೈಪ್ ನೀನೇ ಒಡೆದ ಹಾಗೆ," ಅಂಕಲ್ ಅತ್ತಲಿಂದ ಕೂಗಿದರು.

"ಫಾರ್ಟಿ-ಏಟ್, ಅಮ್ಮಾ!"

ಆಗ ನೆಲ ಕೆಮ್ಮಿದ್ದು.

"ಅಮ್ಮಾ, ಗ್ರಾಸ್ ಬ್ರೀದ್ ಮಾಡ್ತಿದೆ!"

ಒಂದು ಮೂಲೆ ಮುಗಿದರೆ ಇನ್ನೊಂದು. ಬೇಲಿಯ ಬುಡದಲ್ಲಿ, ಮೇಪಲ್ ಮರದಡಿಯಲ್ಲಿ, ನಾನು ಕಂಡೇ ಇರದ ಕಡೆಗಳಲ್ಲಿ ಕುತ್ತಿಗೆಗಳು ಏಳುತ್ತಿದ್ದವು. ನನ್ನದೆಂದು ಸಹಿ ಹಾಕಿದ ನೆಲ; ಅದರ ಒಳಗು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಅಷ್ಟು ನೀರು ಹೋಗುವುದನ್ನು ನೋಡಲಾರದೆ ಉಪ್ಪಿನಕಾಯಿಯ ಖಾಲಿ ಬಾಟಲಿ ಒಡ್ಡಿ ತುಂಬಿಸಿಕೊಂಡೆ.

"ಅದ್ಯಾಕೆ?" ಎಂದರು ಅಂಕಲ್.

"ಸುಮ್ನೆ."

"ಮೈಸೂರೋಳೇ ಬಿಡು."

ಮುಚ್ಚಳ ಬಿಗಿದು ಹಿಂದಿನ ಕಟ್ಟೆಯ ಮೇಲಿಟ್ಟು ಮರೆತೆ.

ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬಿಳಿ. ಕಟ್ಟೆಯ ಮೇಲೆ ಬಾಟಲಿಯ ಗಾಜು ಎರಡು ಹೋಳಾಗಿ ಬಿದ್ದಿತ್ತು. ನಡುವೆ ನೀರು ನಿಂತಿತ್ತು; ಬಾಟಲಿಯಿಲ್ಲದೆ, ಬಾಟಲಿಯದೇ ಆಕಾರದಲ್ಲಿ. ಮುಟ್ಟಿದೆ. ಒಂದು ಬೊಗಸೆ ನೀರಿಗೆ ಇಷ್ಟು ಬಲ! ಓಡಿಹೋಗಿ ಗೋಡೆಯ ಹಿತ್ತಾಳೆಗೆ ಕಿವಿಯಿಟ್ಟೆ. ಸದ್ದಿಲ್ಲ, ಬಿರುಕಿಲ್ಲ. ಕೆಳಗೆ ಪೆಟ್ಟಿಗೆ ಬಿಚ್ಚಿದೆ. ರಾಜ ರಾಣಿ ಹಳೆಯ ಸೀರೆಯಲ್ಲಿ ತೇವ ತಾಗದೆ ಬೆಚ್ಚಗೆ ಮಲಗಿದ್ದರು.

ಮುಂದಿನ ವರ್ಷ ಹಬ್ಬಕ್ಕೆ ವಾರ ಮೊದಲೇ ಅಂಕಲ್ ಬಂದು ಕೊಳವೆ ಖಾಲಿ ಮಾಡಿಹೋದರು. ಹಬ್ಬದ ದಿನ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ತುಂಬಿಸಿ, ಫೋನು ಹಿಡಿದು ಹಿತ್ತಲಿಗೆ ಬಂದೆ. ಮೈಸೂರಿನಿಂದ ನನ್ನ ಅಕ್ಕನ ಕರೆ. ಅವಳು ಕೇಳಿದ್ದು ಹೀಗೆಯೇ ಎಂದು ಆಣೆ ಮಾಡಲಾರೆ, ನನ್ನ ಉತ್ತರ ಮಾತ್ರ ಖಚಿತ.

"ಎಲ್ಲಾ ತುಂಬಿಸಿದ್ಯೇನೆ?"

"ಹೂಂ ಅಕ್ಕ, ಎಲ್ಲಾ ತುಂಬಿದೆ," ಎಂದೆ. ಕಾಲಡಿಯ ಕೊಳವೆಗಳಲ್ಲಿ ಒಂದು ಹನಿಯೂ ಇರಲಿಲ್ಲ.