ಮೈಕಿಗೆ ಬೇಡವಾದ ಪದ

ನಮ್ಮಮ್ಮ ಸಾರಕ್ಕಿ ಮಾರ್ಕೆಟ್ಟಿನಿಂದ ಸೊಪ್ಪು ತಂದು ಜೆ.ಪಿ. ನಗರದ ಬೀದಿಗಳಲ್ಲಿ ಮಾರುತ್ತಿದ್ದಳು. ತೊಂಬತ್ತರ ದಶಕದ ಮಾತು. ಅಲ್ಲೊಬ್ಬರು ನಿವೃತ್ತ ಮೇಷ್ಟ್ರು, ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ. ಅಮ್ಮನನ್ನು ಅವರು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ನಮ್ಮ ಜಾತಿಯ ಹೆಸರನ್ನೇ ಬೈಗುಳ ಮಾಡಿ, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಅದಾದ ಮೇಲೆ, "ಗೇಟ್ ಮುಟ್ಬೇಡ, ಅಲ್ಲೇ ಕೆಳಗಿಡು." ಅಮ್ಮ ಕಟ್ಟು ಇಟ್ಟು ಹಿಂದೆ ಸರಿದ ಮೇಲೆ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ಮಣ್ಣು ತೊಳೆಯುವುದಕ್ಕಲ್ಲ, ಅದಕ್ಕೆ ಒಳಗೆ ನಲ್ಲಿ ಇತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಸಂಘದ ರಾಜ್ಯೋತ್ಸವಕ್ಕೆ ಭಾಷಣ ಮಾಡಲು ಶಾಲೆಯವರು ನನ್ನನ್ನು ಆರಿಸಿದರು. ವಿಷಯ, ಕನ್ನಡದ ಸೊಬಗು. ಬರೆದದ್ದನ್ನು ಮೊದಲು ಕಾರ್ಯದರ್ಶಿಗಳಿಗೆ ತೋರಿಸಬೇಕಿತ್ತು. ನಾನು ಸೊಬಗಿನ ಜೊತೆಗೆ ಆ ಪದವನ್ನೂ ಬರೆದಿದ್ದೆ. ನಮ್ಮಮ್ಮನನ್ನು ಹೀಗೂ ಕರೆಯುತ್ತಾರೆ, ಇದೂ ಕನ್ನಡವೇ ಎಂದು. ಕರೆಯುವವರು ಯಾರೆಂದು ಬರೆದಿರಲಿಲ್ಲ. ಅವರು ಕೆಂಪು ಪೆನ್ನಿನಲ್ಲಿ ಆ ಸಾಲು ಹೊಡೆದುಹಾಕಿ ಬಹಳ ಮೆತ್ತಗೆ ಹೇಳಿದರು.

"ಸ್ಟೇಜ್ ಮೇಲೆ ಇಂಥ ಅಸಭ್ಯ ಪದ ಎಲ್ಲಾ ಬೇಡಮ್ಮ. ಹೆಂಗಸ್ರು, ಮಕ್ಳು ಇರ್ತಾರೆ."

ಹಾಗಾದರೆ ನಮ್ಮಮ್ಮ ಹೆಂಗಸಲ್ಲವೇ, ನಾನು ಯಾರ ಮಗು? ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಸೊಪ್ಪಿನ ಕಟ್ಟಿಗೆ ನಾರು ಸುತ್ತುತ್ತಲೇ, "ನಾನು ಬರ್ತೀನಿ ಕಣೇ. ನೀನು ಬರ್ದಂಗೇ ಓದು" ಎಂದಳು.

ಪೆಂಡಾಲಿನ ಕೊನೆಯ ಸಾಲಿನಲ್ಲಿ ಅಮ್ಮ ತನ್ನ ಒಂದೇ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಹೊಡೆದುಹಾಕಿದ ಸಾಲಿಗೆ ನಾನು ಬಾಯಿ ತೆರೆದೆನೋ ಇಲ್ಲವೋ, ಕಾರ್ಯದರ್ಶಿ ಕೈ ಎತ್ತಿದರು, ಮೈಕ್ ಆಫ್ ಆಯಿತು. ಗಂಟಲು ಹರಿಯುವಂತೆ ಕೂಗಿ ಹೇಳಿದೆ. ಅಷ್ಟರಲ್ಲಿ ಆರ್ಕೆಸ್ಟ್ರಾದವರು ಡ್ರಮ್ ಬಾರಿಸತೊಡಗಿದ್ದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ನನಗೊಂದು ಸ್ಟೀಲ್ ಡಬ್ಬಿ ಕೊಟ್ಟು ಫೋಟೋ ತೆಗೆಸಿದರು. ಫೋಟೋದಲ್ಲಿ ಕಾರ್ಯದರ್ಶಿಗಳ ಕೈ ನನ್ನ ತಲೆಯ ಮೇಲಿತ್ತು. ಆ ರಾತ್ರಿ ಉಜ್ಜಿ ಉಜ್ಜಿ ತಲೆಗೆ ನೀರು ಹಾಕಿಕೊಂಡೆ.

"ಏನೂ ಕೇಳಿಸ್ಲೇ ಇಲ್ವಲ್ಲೇ" ಎಂದಳು ಅಮ್ಮ.

ಮರುದಿನ ಬೆಳಗ್ಗೆ ಬುಟ್ಟಿ ಹೊರಲು ಕೈಜೋಡಿಸಿ ಅವಳ ಜೊತೆ ನಾನೂ ಹೋದೆ. ಗೇಟಿನ ಒಳಗಿಂದ ಅದೇ ಪದ ಬಂತು. ಮೈಕಿಲ್ಲದೆಯೇ ಬೀದಿಯ ಆ ತುದಿಯವರೆಗೆ ಕೇಳಿಸಿತು. ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಯಾರೂ ಅಸಭ್ಯ ಎನ್ನಲಿಲ್ಲ.