ಧೂಪವಿಲ್ಲದ ವರಮಹಾಲಕ್ಷ್ಮಿ

ಪೂಜಾವಿಧಿಯ ಬಗ್ಗೆ ಬರೆಯಲು ನನಗಿರುವ ಅರ್ಹತೆ ಅತ್ಯಲ್ಪ. ಉಪಚಾರಗಳ ಕ್ರಮದಲ್ಲಿ ಎಲ್ಲಿಯಾದರೂ ಹಿಂದುಮುಂದಾಗಿದ್ದರೆ ತಿಳಿದವರು ಮನ್ನಿಸಿ ಮುಂದೆ ಓದಬೇಕೆಂದು ಕೋರುತ್ತೇನೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ತಪ್ಪಾದೀತೆಂಬ ಭಯವೂ ಆ ಮನೆಗೆ ಬಂದದ್ದು ನನ್ನೊಂದಿಗೇ. ಅಮ್ಮನಿಗೆ ಅಂಥ ಭಯವಿರಲಿಲ್ಲ. ಶ್ರಾವಣದ ಶುಕ್ರವಾರ ಆಕೆ ತಂಬಿಗೆಗೆ ಅರಿಶಿನ ಬಳಿದು, ಮೇಲೊಂದು ತೆಂಗಿನಕಾಯಿ ಇಟ್ಟು, ತನ್ನ ಮದುವೆಯ ರೇಷ್ಮೆ ಸೀರೆಯನ್ನು ಸುತ್ತಿ, "ಬಾರಮ್ಮ, ಕೂತ್ಕೋ" ಎನ್ನುತ್ತಿದ್ದಳು. ಲಕ್ಷ್ಮಿ ಬಂದು ಕೂರುತ್ತಿದ್ದಳೆಂದೇ ನಾವೆಲ್ಲ ನಂಬಿದ್ದೆವು.

ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಸಹೋದ್ಯೋಗಿಗಳು ತಮ್ಮ ಮನೆಯ ವ್ರತಗಳಿಗೆ ಕರೆಯತೊಡಗಿದರು. ಅಲ್ಲಿ ಹದಿನಾರು ಉಪಚಾರಗಳು. ಕೂರಲು ಆಸನ, ಕಾಲಿಗೆ ನೀರು, ಕುಡಿಯಲು ನೀರು, ಉಡಲು ಬಟ್ಟೆ, ಗಂಧ, ಹೂವು, ಧೂಪ, ದೀಪ, ಊಟ, ತಾಂಬೂಲ; ಮನೆಗೆ ಬಂದ ಅತಿಥಿಗೆ ಮಾಡುವುದನ್ನೆಲ್ಲ ದೇವರಿಗೂ ಮಾಡಬೇಕೆಂದು ಮೊದಲು ಹೊಳೆದದ್ದು ಯಾವ ಮಹಾನುಭಾವರಿಗೋ! ನಾನು ಬೆರಗಾದೆ. ಜೊತೆಗೆ ನಾಚಿಕೆಯೂ ಆಯಿತು. ಇಷ್ಟು ವರ್ಷ ನಾವು ಆ ತಾಯಿಗೆ ಕಾಲು ತೊಳೆಯಲು ನೀರನ್ನೂ ಕೊಡದೆ ಕೂರಿಸಿದ್ದೆವಲ್ಲ!

ಹಾಗಾಗಿ ಆ ಶ್ರಾವಣದಲ್ಲಿ ಪೂಜಾವಿಧಾನದ ಪುಸ್ತಕ, ಊದುಬತ್ತಿ, ಸಾಂಬ್ರಾಣಿ, ಕರ್ಪೂರಗಳ ಸಮೇತ ಗುರುವಾರ ಸಂಜೆಯೇ ಶಿಡ್ಲಘಟ್ಟದ ಬಳಿಯ ನಮ್ಮೂರಿಗೆ ಬಂದೆ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ದೇವರ ಮೂಲೆಗೂ ಹುಳುವಿನ ಕೋಣೆಗೂ ನಡುವೆ ಒಂದೇ ಗೋಡೆ. ಅದೂ ಚಾವಣಿಯನ್ನು ಮುಟ್ಟುವುದಿಲ್ಲ. ಹಿಂದಿನ ಬೆಳೆ ಪೂರ್ತಿ ಕೈಬಿಟ್ಟಿತ್ತು. ಪಕ್ಕದ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು, ಅದನ್ನು ತಿಂದ ಹುಳುಗಳನ್ನೆಲ್ಲ ಗುಂಡಿ ತೋಡಿ ಮುಚ್ಚಬೇಕಾಯಿತು. "ಇದೂ ಹೋದ್ರೆ ಸೊಪ್ಪಿನ ಗಿಡ ಕಿತ್ತು ದ್ರಾಕ್ಷಿ ಇಡೋದೇ" ಎಂದು ಅಪ್ಪ ಹೇಳಿಬಿಟ್ಟಿದ್ದರು. ಮದುವೆಯಾಗಿ ಬಂದಂದಿನಿಂದ ಹುಳು ಸಾಕಿದ ಅಮ್ಮ ಮಾತ್ರ ಹೊತ್ತು ಹೊತ್ತಿಗೆ ಎದ್ದು ಸೊಪ್ಪು ಹಾಕುತ್ತಿದ್ದಳು, ಅಷ್ಟೆ.

ನನ್ನ ಚೀಲ ತೆರೆದ ಕೂಡಲೇ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಏನೇ ಇದು, ಅಂಗಡೀನೇ ಹೊತ್ಕೊಂಡು ಬಂದಿದ್ದೀಯ! ಕೊಟ್ಟಿಗೇಲಿ ಇಟ್ಟು ಬಾರಮ್ಮ. ಹುಳ ನಾಲ್ಕನೇ ಜ್ವರ ಎದ್ದವೆ. ಹೊಗೆ ತಾಕಿದ್ರೆ ಸೊಪ್ಪು ಮುಟ್ಟಲ್ಲ ಕಣೇ."

ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ; ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನಿರುವ ಕಾಲ. ನಾಲ್ಕನೆಯದರಿಂದ ಎದ್ದ ಹುಳು ವಾರವಿಡೀ ತಿಂದರೆ ಗೂಡು. ತಿನ್ನದಿದ್ದರೆ ಏನೂ ಇಲ್ಲ.

"ಧೂಪ ಇಲ್ದೆ ಪೂಜೆ ಪೂರ್ತಿ ಆಗಲ್ಲಮ್ಮ. ಪುಸ್ತಕದಲ್ಲಿದೆ."

"ಪುಸ್ತಕ ಬರ್ದೋರು ಹುಳ ಸಾಕಿದ್ರೇನೇ?"

ಇದು ತರ್ಕಬದ್ಧವಾದ ಉತ್ತರವಲ್ಲವೆಂದು ನನಗೆ ಅನ್ನಿಸಿತು. ಚೀಲವನ್ನು ಕೊಟ್ಟಿಗೆಯಲ್ಲಿಟ್ಟೆ; ಆದರೆ ಒಂದು ಊದುಬತ್ತಿ ಕಡ್ಡಿಯನ್ನು ಪುಸ್ತಕದ ನಡುವೆ ಉಳಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅಮ್ಮ ಸೊಪ್ಪು ಕೊಯ್ಯಲು ಹೋಗಿದ್ದಳು. ನಾನು ಒಂದಕ್ಷರವೂ ತಪ್ಪದಂತೆ ಓದುತ್ತ, ಆಸನದಿಂದ ಹೂವಿನವರೆಗೆ ಬಂದು, ಧೂಪದ ಬಳಿ ಒಂದು ಕ್ಷಣ ತಡೆದೆ. ಒಂದೇ ಕಡ್ಡಿ, ಎಂದುಕೊಂಡು ಹಚ್ಚಿದೆ. ಹೊಗೆಯ ಎಳೆ ನೇರವಾಗಿ ಮೇಲೇರಿ, ಗೋಡೆಯ ತಲೆ ದಾಟಿ, ಆಚೆಗಿಳಿಯಿತು.

ಸ್ವಲ್ಪ ಹೊತ್ತಿನಲ್ಲಿ ಏನೋ ನಿಂತಂತಾಯಿತು. ಏನೆಂದು ತಿಳಿಯಲಿಲ್ಲ. ಹುಳುಗಳು ಸೊಪ್ಪು ತಿನ್ನುವ ಸದ್ದು ಪರೀಕ್ಷಾ ಕೊಠಡಿಯಲ್ಲಿ ಎಲ್ಲರೂ ಒಟ್ಟಿಗೆ ಬರೆಯುವ ಸದ್ದಿನಂತಿರುತ್ತದೆ. ಹುಟ್ಟಿದಂದಿನಿಂದ ಕೇಳುತ್ತಿದ್ದ ಅದನ್ನು ನಾನು ಕಿವಿಗೊಟ್ಟು ಕೇಳಿದ್ದು ಅದು ನಿಂತಾಗಲೇ. ಬಾಗಿಲಿಗೆ ಓಡಿದೆ. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ತಲೆಯೆತ್ತಿ ಅಲುಗದೆ ನಿಂತಿದ್ದವು.

ಸೊಪ್ಪಿನ ಹೊರೆಯೊಂದಿಗೆ ಬಂದ ಅಮ್ಮನಿಗೆ ಹೊಸ್ತಿಲಲ್ಲೇ ವಾಸನೆ ತಿಳಿಯಿತು. ಕಡ್ಡಿಯನ್ನು ನೀರಿಗದ್ದಿ, ಕಿಟಕಿಗಳನ್ನು ತೆರೆದು, ಮೊರದಿಂದ ಗಾಳಿ ಹಾಕತೊಡಗಿದಳು. ನಾನು ಪುಸ್ತಕದಿಂದಲೇ ಬೀಸಿದೆ. ಅಪ್ಪ ಬಾಗಿಲಲ್ಲಿ ನಿಂತು ತಟ್ಟೆಗಳನ್ನೇ ನೋಡುತ್ತಿದ್ದರು. ಅಮ್ಮ ಹೊಸ ಸೊಪ್ಪನ್ನು ಹರಡಿ, ಕೈಮುಗಿದು, ತವರಿನ ತೆಲುಗಿನಲ್ಲಿ "ತಿನಂಡಮ್ಮಾ, ನಾ ತಲ್ಲುಲಾರಾ" ಎಂದು, ತಿನ್ನಿರಮ್ಮ ನನ್ನ ತಾಯಂದಿರಾ ಎಂದು ಬೇಡಿಕೊಂಡಳು. ಆಮೇಲೆ ನೆಲದ ಮೇಲೆ ಕೂತು ಕಾದಳು.

ಆ ಬೆಳಿಗ್ಗೆ ದೇವಿಯನ್ನು ಆವಾಹನೆ ಮಾಡಿದ್ದು ನಾನೂ ಹೌದು. ಆದರೆ ಕರೆದ ಮೇಲೆ ಬಂದಳೋ ಇಲ್ಲವೋ ಎಂದು ನಾನು ಒಂದು ಕ್ಷಣವೂ ಕಾದಿರಲಿಲ್ಲ. ಮುಂದಿನ ಸಾಲಿಗೆ ಹೋಗಿದ್ದೆ. ಪುಸ್ತಕ ಕೆಳಗಿಟ್ಟು ಅಮ್ಮನ ಪಕ್ಕದಲ್ಲಿ ಕೂತೆ.

ಎಷ್ಟು ಹೊತ್ತಾಯಿತೋ. ಮೂಲೆಯ ತಟ್ಟೆಯೊಂದರಲ್ಲಿ ಸದ್ದು ಹುಟ್ಟಿತು, ನಿಂತಿತು, ಮತ್ತೆ ಹುಟ್ಟಿತು. ಪಕ್ಕದ ತಟ್ಟೆಗೆ ಹಬ್ಬಿತು. ನೋಡನೋಡುತ್ತಿದ್ದಂತೆ ಕೋಣೆಯೆಲ್ಲ ತುಂಬಿತು.

"ಬಂದ್ಲು" ಎಂದಳು ಅಮ್ಮ, ಕಣ್ಣೊರೆಸಿಕೊಂಡು. "ಈಗ ಓದು ನಿನ್ ಪುಸ್ತಕ."

ಧೂಪದ ಬದಲು ಅಕ್ಷತೆ ಹಾಕಿ ಮುಂದೆ ಓದಿದೆ. ಇಲ್ಲದ ವಸ್ತುವಿನ ಬದಲಿಗೆ ಅಕ್ಷತೆ ಸಾಕೆಂದು ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿತ್ತು. ವಿದ್ಯಾವಂತೆಯಾದ ನಾನು ಅದೊಂದನ್ನು ಬಿಟ್ಟು ಓದಿದ್ದೆ.

ವಾರದಲ್ಲಿ ಹುಳುಗಳು ಮೈ ಹಳದಿಗೆ ತಿರುಗಿ ಹಣ್ಣಾಗಿ ಗೂಡು ಕಟ್ಟಿದವು. ಅಪ್ಪ ದ್ರಾಕ್ಷಿಯ ಮಾತನ್ನು ಮತ್ತೆ ಎತ್ತಲಿಲ್ಲ. ಸೊಪ್ಪಿನ ತೋಟ ಹಾಗೆಯೇ ಇದೆ. ಗೂಡು ಬಿಡಿಸಿ ಕೋಣೆ ತೊಳೆದ ಮೇಲೆ, ಹೊಗೆ ತಾಕಲು ಹುಳುಗಳೇ ಇಲ್ಲದಾಗ ಬರುವ ಶುಕ್ರವಾರವೇ ಈಗ ನಮ್ಮ ಮನೆಯ ವ್ರತ. ದಿನವನ್ನು ಅಮ್ಮ ಫೋನು ಮಾಡಿ ತಿಳಿಸುತ್ತಾಳೆ; ನಾನು ಶಾಲೆಗೆ ರಜೆ ಹಾಕಿ ಬರುತ್ತೇನೆ.