ಮೊದಲ ಸಾಲಿನ ಎರಡು ಹೆಸರು

ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶೈಲಾ ಟೈಪಿಂಗ್ ಕಲಿಸುತ್ತಿದ್ದಳು. ಟೈಪ್‌ರೈಟರುಗಳ ಜಾಗಕ್ಕೆ ಕಂಪ್ಯೂಟರು ಬಂದಾಗ, ಕನ್ನಡ ಟೈಪಿಂಗ್ ಕಲಿಸಲು ಸಿಗುತ್ತಿದ್ದ ಪ್ರೋಗ್ರಾಂ ಒಂದೂ ಅವಳಿಗೆ ಹಿಡಿಸಲಿಲ್ಲ. ತಾನೇ ಬರೆಯಲು ಕೂತಳು. ಜೊತೆಗೆ ಕೂತವನು ಅವಳಲ್ಲೇ ಪಾಠ ಹೇಳುತ್ತಿದ್ದ ಓಬಳೇಶ್, ಹಂಪಸಾಗರದ ಕುರಿ ಸಾಕುವವರ ಮನೆಯವನು. ಒಂದೇ ಪರದೆಯ ಮುಂದೆ ಇಬ್ಬರೂ ವರ್ಷಗಟ್ಟಲೆ ಜಗಳವಾಡುತ್ತ ಕೆಲಸ ಮಾಡಿದರು. ಶೈಲಾಗೆ ಅವನ ಮೇಲೆ ಮನಸ್ಸಿತ್ತು. ಅವನಿಗೂ ಇತ್ತು. ಆದರೆ ಜಾತಿ ಬೇರೆ, ನಮ್ಮೂರಿನ ನಾಲಿಗೆಯೋ ಬಲು ಉದ್ದ. ಇಬ್ಬರೂ ಬಾಯಿ ಬಿಡಲಿಲ್ಲ.

ಪ್ರೋಗ್ರಾಂ ಮುಗಿದಾಗ ಓಬಳೇಶನೇ ಹಠ ಹಿಡಿದು ಅದನ್ನು ಓಪನ್ ಸೋರ್ಸ್ ಮಾಡಿಸಿದ. ಯಾರಾದರೂ ಬಳಸಲಿ, ತಿದ್ದಲಿ, ಮಾರಿಕೊಳ್ಳಲಿ. ಆದರೆ ಬರೆದವರ ಹೆಸರು ತೆಗೆಯಬಾರದು, ಬೀಗ ಹಾಕಬಾರದು, ಪ್ರೋಗ್ರಾಂ ಬರೆದ ಮೂಲ ಸಾಲುಗಳನ್ನೂ, ಅಂದರೆ ಸೋರ್ಸ್ ಕೋಡನ್ನೂ, ಜೊತೆಗೇ ಕೊಡಬೇಕು. ಲೈಸೆನ್ಸಿನ ಕರಾರು ಇಷ್ಟೇ. ತೆರೆದ ಕೂಡಲೇ ಮೊದಲ ಸಾಲಿನಲ್ಲಿ ‘ಶೈಲಾ, ಓಬಳೇಶ್’ ಎಂದು ಬರುತ್ತಿತ್ತು. ಈ ಲೋಕದಲ್ಲಿ ಆ ಎರಡು ಹೆಸರು ಒಟ್ಟಿಗೆ ಇದ್ದ ಜಾಗ ಅದೊಂದೇ. ಮರುವರ್ಷ ಓಬಳೇಶ್ ಕಾಮಾಲೆಯಾಗಿ ತೀರಿಕೊಂಡ. ಮಣ್ಣಿಗೆ ಹೋದ ಶೈಲಾ ಹೆಂಗಸರ ಹಿಂದೆ ನಿಂತು ವಾಪಸು ಬಂದಳು. ಅಳುವುದಕ್ಕೂ ಒಂದು ಸಂಬಂಧ ಬೇಕಲ್ಲ.

2006ರಲ್ಲಿ ಚಿಗಟೇರಿಯಿಂದ ಕಲಿಯಲು ಬರುತ್ತಿದ್ದ ರೋಜಾ ಒಂದು ಸಿ.ಡಿ. ತಂದಳು. “ಮೇಡಂ, ಹಡಗಲಿಯಾಗ ಇದನ್ನ ಮಾರಾಕತ್ಯಾರ್ರಿ. ನಮ್ಮದರಂಗ ಐತಿ ನೋಡ್ರಿ.”

ತೆರೆದರೆ ಎಲ್ಲ ಅವರದೇ ಪಾಠ. ‘ಹಂಪಸಾಗರದ ಹೊಳಿಗೆ ಕುರಿ ಬಂದವು’ ಎಂದು ಓಬಳೇಶ್ ಬರೆದಿದ್ದ ಅಭ್ಯಾಸದ ಸಾಲೂ ಹಾಗೇ ಇತ್ತು. ಮೊದಲ ಸಾಲಿನಲ್ಲಿ ಮಾತ್ರ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’. ಸೋರ್ಸ್ ಕೋಡ್ ಇಲ್ಲ, ಕಾಪಿ ಮಾಡದಂತೆ ಬೀಗ ಬೇರೆ. ಶೈಲಾಗೆ ಮೈಯೆಲ್ಲ ಉರಿಯಿತು.

ಹೋಗಿ ಕೇಳಿದರೆ ವಕೀಲ ಶಿವಯೋಗಪ್ಪ ನಕ್ಕುಬಿಟ್ಟ. “ಪುಕ್ಕಟ ಕೊಟ್ಟೀರಿ, ಈಗ ಕದ್ರು ಅಂತ ಹೆಂಗ ಹೇಳ್ತೀರವ್ವ?” ನಮ್ಮ ಊರಿನವರ ತಿಳಿವಳಿಕೆಯೇ ಇಷ್ಟು, ಪುಕ್ಕಟೆ ಎಂದರೆ ವಾರಸುದಾರರಿಲ್ಲದ್ದು. ಇದನ್ನೆಲ್ಲ ಅರ್ಥ ಮಾಡಿಕೊಳ್ಳುವವನು ಒಬ್ಬನಿದ್ದ, ಈಗ ಅವನೇ ಇರಲಿಲ್ಲ. ಒಂದು ಬೈಗುಳವಿಲ್ಲದೆ, ಕರಾರನ್ನು ಕನ್ನಡದಲ್ಲಿ ತಿಳಿಸಿ ಶೈಲಾ ಸಿ.ಡಿ. ಮೇಲಿದ್ದ ಹಡಗಲಿಯ ವಿಳಾಸಕ್ಕೆ ಪತ್ರ ಬರೆದಳು. ಮತ್ತೊಂದು ಬರೆದಳು. ಉತ್ತರ ಬರಲಿಲ್ಲ. ಕೊನೆಗೆ ತಾನೇ ಬಸ್ಸು ಹತ್ತಿದಳು.

ಸಿ.ಡಿ. ಮಾರುವ ಪಂಚಾಕ್ಷರಪ್ಪ ಕಳ್ಳನಂತೆ ಕಾಣಲಿಲ್ಲ. ಚಹಾ ತರಿಸಿದ. “ಪತ್ರ ಬಂದಿದ್ವು. ರೊಕ್ಕ ಕೇಳ್ತೀರಿ ಅಂತ ಸುಮ್ಮನಾದೆ.”

“ರೊಕ್ಕ ಬ್ಯಾಡ್ರಿ. ಹೆಸರು ಯಾಕ ತೆಗದ್ರಿ?”

“ಮ್ಯಾಲಿನ ಸಾಲು ದೇವರದಲ್ಲೇನ್ರಿ? ಬಿಲ್ ಬುಕ್ಕಿನಾಗ, ಲಗ್ನಪತ್ರಿಕಿಯಾಗ ಅವರವರ ಮನಿದೇವ್ರನ್ನ ಹಾಕ್ಕೋತಾರ. ನಾನೂ ಹಂಗ ಹಾಕ್ಕೊಂಡೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ತಲೆನೋವು. ಶೈಲಾ ಕರಾರನ್ನು ಒಂದೊಂದಾಗಿ ಓದಿ ಹೇಳಿದಳು. ಬೀಗ ತೆಗೆಯಲು, ಸೋರ್ಸ್ ಕೋಡ್ ಸೇರಿಸಲು ಅವನು ಒಪ್ಪಿದ. “ದೇವರ ಕೆಳಗ ನಿಮ್ಮ ಹೆಸರೂ ಹಾಕ್ತೀನಿ ಬಿಡ್ರಿ.”

“ಎರಡು ಹೆಸರು ಹಾಕ್ಬೇಕ್ರಿ. ಓಬಳೇಶ್ ಅಂತ ಇನ್ನೊಂದು.”

“ಅವರೆಲ್ಲಿ ಅದಾರ?”

“ತೀರಿಕೊಂಡಾರ.”

“ಹಂಗಾರ ಅವರಿಗ್ಯಾಕ್ರಿ ಇನ್ನ ಹೆಸರು? ನಿಮಗೇನಾಗಬೇಕು ಅವರು?”

“ಏನೂ ಆಗಬೇಕಾಗಿಲ್ರಿ,” ಎಂದಳು ಶೈಲಾ. “ಇಬ್ರೂ ಕೂಡಿ ಬರದೀವಿ. ಅವರ ಹೆಸರಿಲ್ಲದ ಇದನ್ನ ಮಾರಂಗಿಲ್ಲ.”

ಪಂಚಾಕ್ಷರಪ್ಪ ಅವಳೆದುರಿಗೇ ಎರಡೂ ಹೆಸರು ಟೈಪ್ ಮಾಡಿ ಹೊಸ ಸಿ.ಡಿ. ಕೈಗಿಟ್ಟ.

ಬಸ್ಸಿನಲ್ಲಿ ಕೂತ ಮೇಲೆ ಶೈಲಾಗೆ ಹೊಳೆಯಿತು, ಓಬಳೇಶ್ ಹೋದ ಮೇಲೆ ಅವನ ಹೆಸರನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು ಇವತ್ತೇ ಮೊದಲು. ಗೆದ್ದು ಬಂದಿದ್ದಳು, ಹೇಳಿಕೊಳ್ಳಲು ಮಾತ್ರ ಊರಿನಲ್ಲಿ ಯಾರೂ ಇರಲಿಲ್ಲ. ಅಳು ತಡೆಯಲಾಗಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಗುರುತಿಲ್ಲದ ಮುದುಕಿ, “ಯಾಕವ್ವ, ಏನಾತು?” ಎಂದಳು.

“ನಮ್ಮ ಮನಿಯವ್ರು ತೀರಿಕೊಂಡ್ರಮ್ಮ,” ಎಂದಳು ಶೈಲಾ.